ಮಾಡಿ ನೋಡಿದಕ್ಕ

ನಮ್ಮ ಮನೆಯಲ್ಲಿ ಯಾವ ವಸ್ತುವೂ ತಾನಾಗಿ ಕೆಟ್ಟಿದ್ದಿಲ್ಲ. ಎಲ್ಲವನ್ನೂ ನಮ್ಮ ಅತ್ತಿಗೆ ಕೈಯಾರೆ ಕೆಡಿಸಿದ್ದು. ಸಿಂಕ್ ಕಟ್ಟಿಕೊಂಡಿದೆ ಅಂದರೆ ಅದಕ್ಕೆ ಜಿಡ್ಡು ಸುರಿದವರು ಅವರೇ. ಹಾಲಿನ ಪಾತ್ರೆಯ ತಳ ಕರಿ ಹಿಡಿದಿದೆ ಅಂದರೆ, ಪಕ್ಕದಲ್ಲೇ ನಿಂತು ಉರಿ ದೊಡ್ಡದು ಮಾಡಿ ಸೀಯಿಸಿದವರೂ ಅವರೇ. ಒಂದು ದಿನ ಅಣ್ಣ ತನ್ನ ಪ್ಯಾಂಟಿಗೆ ಮೆತ್ತಿದ್ದ ಚೂಯಿಂಗ್ ಗಮ್ ನೋಡಿ ಬಸ್ಸಿನ ಸೀಟಿಗೆ ಶಾಪ ಹಾಕುತ್ತಿದ್ದ. ಅದನ್ನು ಅಗಿದು ಅಲ್ಲಿ ಅಂಟಿಸಿದವರು ಒಳಗೆ ಫ್ರಿಜ್ಜಿನಿಂದ ಐಸ್ ಗಡ್ಡೆ ತೆಗೆಯುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಅವರ ಫೋನಿನಲ್ಲಿರುವ ಒಂದು ಗುಂಪು. "ಯಾರಿಗಾದರೂ ಗೊತ್ತಾ?" ಅಂತ ಅದರ ಹೆಸರು. ಅಲ್ಲಿರುವ ಸಾವಿರಾರು ಜನ ಒಬ್ಬರ ಮುಖ ಒಬ್ಬರು ಕಂಡವರಲ್ಲ, ಆದರೆ ಕೇಳುವುದೆಲ್ಲ ಮನೆಯೊಳಗಿನ ಮಾತು. ಬಾಗಿಲು ಕಿರ್ ಅನ್ನುತ್ತೆ, ಏನು ಮಾಡಲಿ? ಉಣ್ಣೆಯ ಸ್ವೆಟರ್ ಕುಗ್ಗಿ ಮಗುವಿನ ಅಂಗಿಯಾಗಿದೆ, ಹಿಗ್ಗಿಸಬಹುದಾ? ಬೆರಳಿನ ಉಂಗುರ ಬರುತ್ತಿಲ್ಲ, ಬೇಗ ಹೇಳಿ. ಹೀಗೆ ಒಬ್ಬರು ಕೇಳಿದರೆ ಹತ್ತು ಜನ ಹೇಳುತ್ತಾರೆ. ಪುಕ್ಕಟೆ ಸಲಹೆ ಕೊಡುವುದಕ್ಕೆ ನಮ್ಮ ಜನರಿಗೆ ಯಾವತ್ತಾದರೂ ಬರಗಾಲ ಬಂದಿದೆಯೇ? ಯಾರೋ ಓದಿದ್ದು, ಇನ್ಯಾರೋ ಕೇಳಿದ್ದು, ನೆಂಟರ ಪಕ್ಕದ ಮನೆಯವರು ಮಾಡಿದರಂತೆ ಅನ್ನುವಂಥದ್ದು.

ಅತ್ತಿಗೆ ಮಾತ್ರ ತಾವು ಮಾಡಿ ನೋಡದೆ ಒಂದಕ್ಷರ ಬರೆಯುವವರಲ್ಲ. ಪ್ರಶ್ನೆ ಬಂದರೆ ಮೊದಲು ನಮ್ಮ ಮನೆಯಲ್ಲಿ ಅದೇ ಅನಾಹುತ ಮಾಡಿಕೊಳ್ಳುತ್ತಾರೆ, ಆಮೇಲೆ ಸರಿ ಮಾಡಲು ಕೂರುತ್ತಾರೆ. ಅವರ ಉತ್ತರ ಶುರುವಾಗುವುದೇ "ಮಾಡಿ ನೋಡಿದೆ" ಅಂತ. ಸರಿಹೋದರೆ "ಆಯಿತು" ಅಂತ ಬರೆಯುತ್ತಾರೆ, ಆಗದಿದ್ದರೆ "ಆಗಲಿಲ್ಲ" ಅಂತ ಬರೆಯುತ್ತಾರೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತರೆ ಸರಿಹೋಗುತ್ತದೆಯೇ ಅನ್ನುವುದಕ್ಕೆ ಅವರು ಬರೆದದ್ದು "ಆಗಲಿಲ್ಲ". ಆ ಫೋನು ನನ್ನದು. ಗುಂಪಿನವರು ಅವರಿಗೆ ಇಟ್ಟಿರುವ ಹೆಸರು ಮಾಡಿ ನೋಡಿದಕ್ಕ.

ನಾನು ಈ ಅಕ್ಕನ ಮೈದುನ. ಮದುವೆಯಿಲ್ಲ, ಮಹಡಿಯ ಕೋಣೆಯಲ್ಲಿ ವಾಸ, ಕೆಳಗಿನ ಮನೆಯಲ್ಲಿ ಊಟ. ಅಲ್ಲೇ ನಡುಮನೆಯ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಗಡಿಯಾರ ರಿಪೇರಿ ಮಾಡುತ್ತೇನೆ. ಆದ್ದರಿಂದ ಈ ಮನೆಯ ಅನಾಹುತಗಳಿಗೆಲ್ಲ ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬನೇ. ಅಣ್ಣ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಯಂತ್ರದ ಮೇಲಿದ್ದಾನೆ. ಬೆಳಿಗ್ಗೆ ಹೋದವನು ಸಂಜೆ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಬರುತ್ತಾನೆ. ಗುಂಪಿನ ಮಾತೆತ್ತಿದರೆ ಅವನದು ಒಂದೇ ರಾಗ. "ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಎಳೆದು ಕಿವಿಗೆ ಬಿಟ್ಕೊಳ್ಳೋದು ಅಂದ್ರೆ ಇದೇ."

ತಮಾಷೆಯೆಂದರೆ, ಅತ್ತಿಗೆಯ ಕೆಲಸವೂ ಉತ್ತರ ಹೇಳುವುದೇ. ಬಸ್ ನಿಲ್ದಾಣದಲ್ಲಿ "ವಿಚಾರಣೆ" ಅಂತ ಬರೆದ ಕಿಂಡಿಯ ಹಿಂದೆ ಕೂರುತ್ತಾರೆ. ಗಾಜಿನಲ್ಲಿರುವ ತೂತು ಯಾರ ಎತ್ತರಕ್ಕೂ ಸರಿಯಿಲ್ಲ. ಕೇಳುವವರು ಸೊಂಟ ಬಗ್ಗಿಸಿ ಕತ್ತು ಎತ್ತಬೇಕು. ಅತ್ತಿಗೆ ಅಲ್ಲಿ ಆಡುವುದು ಮೂರೇ ಮಾತು. "ಐದನೇ ಪ್ಲಾಟ್‌ಫಾರ್ಮ್." "ಹೋಯ್ತು." "ಬೋರ್ಡ್ ನೋಡಿ." ಒಮ್ಮೆ ಮರೆತುಹೋದ ಊಟದ ಡಬ್ಬಿ ಕೊಡಲು ಹೋಗಿ ನಾನು ಬಾಯಿ ತೆರೆಯುವಷ್ಟರಲ್ಲಿ, ತಲೆಯೆತ್ತದೆ "ಬೋರ್ಡ್ ನೋಡಿ" ಅಂದುಬಿಟ್ಟರು. ಡಬ್ಬಿ ಹಿಡಿದುಕೊಂಡು ಒಂದು ಗಳಿಗೆ ಬೋರ್ಡ್ ನೋಡಿದೆ.

"ದಿನವಿಡೀ ಪ್ರಶ್ನೆ ಕೇಳಿಸ್ಕೊಂಡು ಬಂದು ಮನೇಲೂ ಅದೇನಾ ಅತ್ತಿಗೆ?" ಅಂತ ಒಮ್ಮೆ ಕೇಳಿದ್ದೆ.

"ಅಲ್ಲಿ ಉತ್ತರ ಅವರ ತಲೆ ಮೇಲೇ ಬರೆದಿರುತ್ತೆ ಕಣೋ, ಕತ್ತೆತ್ತಿ ನೋಡಲ್ಲ" ಅಂದರು. "ಇಲ್ಲಿ ಕೇಳೋರಿಗೆ ಯಾವ ಬೋರ್ಡೂ ಇಲ್ಲ. ಪಕ್ಕದಲ್ಲಿ ಕೇಳೋಕೆ ಒಂದು ಜನ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು?"

ಒಂದು ಭಾನುವಾರ ಅತ್ತಿಗೆಗೆ ರಜೆ, ಅಣ್ಣನಿಗೆ ಇಲ್ಲ. ಅತ್ತಿಗೆ ಫೋನು ಹಿಡಿದು ನನ್ನ ಮೇಜಿನ ಹತ್ತಿರ ಬಂದು ಒಂದು ಪ್ರಶ್ನೆ ಓದಿ ಹೇಳಿದರು. ಕೇಳಿದವನು ಗುಂಪಿನಲ್ಲಿ "ಒಂಟಿ ಸೈಕಲ್" ಅಂತ ಹೆಸರಿಟ್ಟುಕೊಂಡ ಯಾರೋ ಹುಡುಗ.

"ಗೋಡೆಯ ತೇವ ಫ್ರೇಮಿನೊಳಗೆ ಇಳಿದು ನಮ್ಮಮ್ಮನ ಫೋಟೋ ಗಾಜಿಗೆ ಅಂಟಿಕೊಂಡಿದೆ. ಬೂಷ್ಟು ಕೆಳಗಿನಿಂದ ಹತ್ತಿಕೊಂಡು ಬಂದು ಈಗ ಕತ್ತಿನ ಹತ್ತಿರ ಇದೆ. ಅಮ್ಮ ಈಗ ಇಲ್ಲ. ಅವಳದು ಅಂತ ಇರೋದು ಇದೊಂದೇ ಫೋಟೋ. ಕೆಲಸದ ಗುರುತಿನ ಚೀಟಿಯಲ್ಲಿದ್ದ ಚಿಕ್ಕದನ್ನು ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕೊಟ್ಟಿದ್ದು. ಆ ಚೀಟಿಯೂ ಕಳೆದುಹೋಗಿದೆ. ಹರಿಯದ ಹಾಗೆ ಗಾಜಿನಿಂದ ಬಿಡಿಸೋದು ಹೇಗೆ, ಯಾರಿಗಾದರೂ ಗೊತ್ತಾ?"

ಕೆಳಗೆ ಉತ್ತರಗಳ ಜಾತ್ರೆ. ಬಿಸಿ ಗಾಳಿ ಹಿಡಿ, ಫ್ರೀಜರಿನಲ್ಲಿಡು, ಹಲ್ಲಿನ ದಾರ ತೂರಿಸಿ ಎಳೆ. ಆದರೆ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಗಾಜಿನ ಸಮೇತ ತಣ್ಣೀರಿನಲ್ಲಿ ಮುಳುಗಿಸಿಡು, ತಾನಾಗಿ ಬಿಡುತ್ತೆ. ಅಜ್ಜನ ಫೋಟೋ ಹೀಗೇ ಬಿಡಿಸಿದೆ, ಅಪ್ಪನದು ಹೀಗೇ ಬಂತು ಅಂತ ಸಾಕ್ಷಿ ಬೇರೆ. ಹುಡುಗ ಕೊನೆಗೆ ಬರೆದಿದ್ದ: "ಎಲ್ಲರಿಗೂ ಥ್ಯಾಂಕ್ಸ್. ಕೆಲಸಕ್ಕೆ ಹೊರಟೆ, ಅಲ್ಲಿ ಫೋನು ಒಳಗೆ ಬಿಡಲ್ಲ. ಸಂಜೆ ಮನೆಗೆ ಬಂದ ತಕ್ಷಣ ನೀರಿಗೆ ಹಾಕ್ತೀನಿ."

ಅತ್ತಿಗೆ ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ಅವರ ಮದುವೆಯ ಫೋಟೋ ಇತ್ತು. ಅಣ್ಣ ಅತ್ತಿಗೆಯದು ಕಚೇರಿಯಲ್ಲಿ ರುಜು ಹಾಕಿ ಆದ ಮದುವೆ. ಆಲ್ಬಮ್ಮು ಗಿಲ್ಬಮ್ಮು ಏನೂ ಇಲ್ಲ. ಸ್ನೇಹಿತನೊಬ್ಬ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದ ಚಿಕ್ಕದೊಂದು ಫೋಟೋವನ್ನು ಆಮೇಲೆ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದರು. ಚಿಕ್ಕದು ಮನೆ ಬದಲಿಸುವಾಗ ಎಲ್ಲೋ ಹೋಯಿತು. ದೊಡ್ಡದು ಗೋಡೆಯ ಆಚೆಗಿನ ಸ್ನಾನದ ಮನೆಯ ತೇವಕ್ಕೆ ಗಾಜಿಗೆ ಅಂಟಿಕೊಂಡು ವರ್ಷಗಳೇ ಆಗಿದ್ದವು.

"ಬೇಡ ಅತ್ತಿಗೆ" ಅಂದೆ.

"ಅವನದೂ ಸ್ಟುಡಿಯೋದವರು ದೊಡ್ಡದು ಮಾಡಿದ್ದು, ನಮ್ದೂ ಹಾಗೇ. ಅವನದೂ ತೇವಕ್ಕೆ ಅಂಟಿದ್ದು, ನಮ್ದೂ ಹಾಗೇ."

"ಅನುಮಾನ ಇದ್ರೆ ನೀರಿಗೆ ಹಾಕಬೇಡ ಅಂತ ಬರೀರಿ. ಮುಗೀತಲ್ಲ."

"ಏನಂತ ಬರೀಲಿ? ಅಷ್ಟು ಜನ ಆಗುತ್ತೆ ಅಂದಿದಾರೆ, ಅವರೇನು ಸುಳ್ಳು ಹೇಳ್ತಿದಾರಾ? ಆಗೋದಾದ್ರೆ ಅವನು ಮಾಡ್ಲೇಬೇಕು, ಬೂಷ್ಟು ಮುಖಕ್ಕೆ ಹತ್ತೋ ಮುಂಚೆ. ಆಗಲ್ಲ ಅನ್ನೋದಾದ್ರೆ ಅವನಿಗೆ ತೋರಿಸೋಕೆ ನನ್ನ ಹತ್ರ ಏನಿದೆ?"

"ಅಣ್ಣನ್ನ ಒಂದು ಮಾತು ಕೇಳಬಾರದಾ?"

"ಕೇಳಿದ್ರೆ ಬೇಡ ಅಂತಾರೆ" ಅಂದರು. ಈ ಒಂದು ವಿಷಯದಲ್ಲಿ ಅವರಿಗೆ ಮಾಡಿ ನೋಡುವ ಅಗತ್ಯವಿರಲಿಲ್ಲ.

ಫೋಟೋ ಕೆಳಗಿಳಿಸಿ, ಮುಂಜಾಗ್ರತೆಗೆ ಗಾಜಿನ ಮೇಲಿಂದಲೇ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡರು. ಫ್ರೇಮಿನ ಮೊಳೆ ಬಿಚ್ಚಿ, ಬಟ್ಟೆ ನೆನೆಸುವ ಅಗಲ ಟಬ್ಬಿನಲ್ಲಿ ತಣ್ಣೀರು ಹಾಕಿ ಮುಳುಗಿಸಿದರು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಸ್ವಲ್ಪ ಹೊತ್ತಿಗೆ ಒಂದು ಮೂಲೆ ಮೆಲ್ಲಗೆ ಎದ್ದಿತು.

"ಬಿಡ್ತಾ ಇದೆ ಕಣೋ!" ಅಂತ ಅತ್ತಿಗೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ನೀರು ಬಣ್ಣ ತಿರುಗಿತು. ಮೊದಲು ತಿಳಿ ಗುಲಾಬಿ, ಆಮೇಲೆ ನೇರಳೆ. ಅತ್ತಿಗೆ ಗಾಬರಿಯಿಂದ ಎತ್ತಿದರು. ಕಾಗದ ಅವರ ಕೈಗೆ ಬಂತು, ಅಣ್ಣನ ಮುಖ ಗಾಜಿನಲ್ಲೇ ಉಳಿಯಿತು. ನಾವು ನೋಡುತ್ತಿದ್ದ ಹಾಗೆಯೇ ಅದೂ ಗಾಜಿನಿಂದ ಜಾರಿ ನೀರಿಗೆ ಇಳಿಯಿತು. ಕಾಗದದ ಮೇಲೆ ಅತ್ತಿಗೆಯ ಒಂದು ಕಣ್ಣು, ಅರ್ಧ ನಗು, ಕಚೇರಿಯ ಮೆಟ್ಟಿಲು ಇಷ್ಟು ಉಳಿದಿದ್ದವು.

ಫೋನಿನಲ್ಲಿದೆಯಲ್ಲ ಅಂತ ತೆರೆದು ನೋಡಿದರೆ, ಗಾಜಿನ ಮೇಲೆ ಬೆಳಕು ಹೊಡೆದು, ಅಣ್ಣನ ಮುಖ ಇರಬೇಕಾದ ಕಡೆ ಉದ್ದಕ್ಕೆ ಒಂದು ಟ್ಯೂಬ್‌ಲೈಟ್. ಅವಸರದಲ್ಲಿ ಇಬ್ಬರೂ ಗಮನಿಸಿರಲಿಲ್ಲ.

ಅತ್ತಿಗೆ ಅಲ್ಲೇ ಒದ್ದೆ ನೆಲದ ಮೇಲೆ ಕೂತರು. ಈಗ ಅಳುತ್ತಾರೆ ಅಂದುಕೊಂಡೆ. ಅವರು ಅಳಲಿಲ್ಲ. "ಹಾಗಾದ್ರೆ ಗಾಜಿನ ಮೇಲಿಂದ ಬೆಳಕು ಬೀಳದ ಹಾಗೆ ತೆಗೆಯೋದು ಹೇಗೆ?" ಅಂದರು. ಇಂಥವರನ್ನು ಏನೆಂದು ಬಯ್ಯುವುದು? ನನ್ನ ಮೇಜಿನ ಮೇಲೆ ಗಾಜು ಹಾಕಿದ ಗೋಡೆ ಗಡಿಯಾರವಿತ್ತು, ಅದನ್ನು ತಂದು ಅವರ ಮುಂದಿಟ್ಟೆ. ದೀಪ ಆರಿಸಿ ನೋಡಿದರು. ಕಿಟಕಿಗೆ ಬೆನ್ನು ಮಾಡಿ ನೋಡಿದರು, ಪಕ್ಕ ಮಾಡಿ ನೋಡಿದರು. ಎಲ್ಲಿಂದ ತೆಗೆದರೂ ಗಾಜಿನಲ್ಲಿ ಅವರದೇ ಮುಖ. ಕೊನೆಗೆ ನನ್ನ ಕರಿ ಕೊಡೆ ಬಿಚ್ಚಿ, ಬಟ್ಟೆಗೆ ಕತ್ತರಿಯಿಂದ ತೂತು ಮಾಡಿ, ತೂತಿಗೆ ಫೋನಿನ ಕಣ್ಣು ಸರಿಯಾಗಿಟ್ಟು, ಕೊಡೆಯ ಮರೆಯಲ್ಲಿ ನಿಂತು ತೆಗೆದರು. ಪಕ್ಕದಿಂದ ಹಗಲಿನ ಬೆಳಕು, ಎದುರಿಗೆ ಕಪ್ಪು. ಗಡಿಯಾರದ ಮುಳ್ಳು, ಅಂಕಿ ಎಲ್ಲ ನಿಚ್ಚಳವಾಗಿ ಬಂತು. ಕೊಡೆ ಹೊಸದು. ಆ ಹೊತ್ತಿನಲ್ಲಿ ನನಗೆ ಅದು ನೆನಪೂ ಆಗಲಿಲ್ಲ.

ಆಮೇಲೆ ಬರೆದರು. "ಮಾಡಿ ನೋಡಿದೆ. ಆಗಲಿಲ್ಲ. ನಮ್ಮದೂ ನಿಮ್ಮ ಹಾಗೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದು. ನೀರಿಗೆ ಹಾಕಬೇಡಿ. ಬಿಡಿಸಲೇಬೇಡಿ. ಹಗಲು ಬೆಳಕು ಪಕ್ಕದಿಂದ ಬೀಳೋ ಕಡೆ ಇಟ್ಟು, ತೂತು ಮಾಡಿದ ಕರಿ ಬಟ್ಟೆ ಅಡ್ಡ ಹಿಡಿದು, ಗಾಜಿನ ಮೇಲಿಂದಲೇ ಫೋಟೋ ತೆಗೆದು ಹೊಸದು ಮಾಡಿಸಿ." ಜೊತೆಗೆ ಟಬ್ಬಿನ ಚಿತ್ರ, ಕೊಡೆಯ ಚಿತ್ರ.

ಗುಂಪಿನಲ್ಲಿ ಗದ್ದಲವಾಯಿತು. ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಮುದುಕರೊಬ್ಬರು, ಹಳೆಯ ಕಾಲದ ಫೋಟೋಗಳು ನೀರಿನಲ್ಲೇ ತೊಳೆದು ಹುಟ್ಟಿದವು, ಅವು ತಡೆದುಕೊಂಡಾವು, ಇವು ಶಾಯಿಯಲ್ಲಿ ಮುದ್ರಿಸಿದವು, ಕರಗುತ್ತವೆ ಅಂತ ವಿವರಿಸಿದರು. ಅಜ್ಜನ ಫೋಟೋ ಬಿಡಿಸಿದವರೇ ಮೊದಲು ಬಂದು ತಮ್ಮ ಉತ್ತರ ಅಳಿಸಿದರು. ಆದರೆ ಹುಡುಗನ ಸದ್ದೇ ಇಲ್ಲ. ಬಂದವನು ಫೋನು ನೋಡದೆ ನೇರ ನೀರು ತುಂಬಿಸಿದರೆ? ಗುಂಪು ನಡೆಸುವವರು ಕರೆ ಮಾಡಿ ಮಾಡಿ ಸೋತರು. ಅವನ ಫೋನು ಆಫ್ ಆಗಿತ್ತು.

ಬೆಳಕು ಇಳಿಯುವ ಹೊತ್ತಿಗೆ ಅಣ್ಣ ಬಂದ. ಬಾಗಿಲಲ್ಲೇ ನಿಂತು ಗೋಡೆಯ ಮೊಳೆ ನೋಡಿದ, ಟಬ್ಬು ನೋಡಿದ. ಅತ್ತಿಗೆ ಎದ್ದು ನಿಂತು ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಅಣ್ಣ ಕೈ ಚಾಚಿ ಫೋನು ತೆಗೆದುಕೊಂಡು ಹುಡುಗನ ಪ್ರಶ್ನೆ ಓದಿದ. ಅವನ ಹುಬ್ಬಿನ ಹಿಟ್ಟು ಫೋನಿನ ಮೇಲೆ ಉದುರುತ್ತಿತ್ತು. ಇವತ್ತು ಈ ಮನೆಯಲ್ಲಿ ರಾಮಾಯಣ ಅಂತ ನಾನು ಮಹಡಿಗೆ ಹತ್ತಲು ಚಪ್ಪಲಿ ಹುಡುಕುತ್ತಿದ್ದೆ.

"ಈ ಹುಡುಗ ನೋಡಿದ್ನಾ?" ಅಂತ ಕೇಳಿದ ಅಣ್ಣ.

"ಇನ್ನೂ ಇಲ್ಲ ರೀ."

"ಮತ್ತೆ ಸುಮ್ನೆ ಕೂತಿದ್ದೀರಲ್ರೋ! ಮತ್ತೆ ಫೋನ್ ಮಾಡಿಸಿ."

ಬೂಟು ಬಿಚ್ಚದೆ, ಕೈ ತೊಳೆಯದೆ ಅವನೂ ನಮ್ಮ ಜೊತೆ ಕೂತ. ಕೊನೆಗೂ ಫೋನು ಟಿಂಗ್ ಅಂದಿತು. "ಫ್ರೇಮ್ ಬಿಚ್ಚಿದ್ದೆ ಅಕ್ಕ. ಬಕೆಟ್ ತುಂಬ್ತಾ ಇತ್ತು. ಎಷ್ಟು ಹೊತ್ತು ನೆನೆಸ್ಬೇಕು ಅಂತ ನೋಡೋಕೆ ಫೋನ್ ಆನ್ ಮಾಡ್ದೆ." ಅದರ ಹಿಂದೆಯೇ ಇನ್ನೊಂದು: "ಅದು ನಿಮ್ಮ ಮದುವೆ ಫೋಟೋನಾ?" ಅತ್ತಿಗೆ ಅದಕ್ಕೆ ಉತ್ತರ ಬರೆಯಲಿಲ್ಲ. "ಕಿಟಕೀಲಿ ಇನ್ನೂ ಬೆಳಕಿದ್ರೆ ಈಗಲೇ ತೆಗೀರಿ" ಅಂತಷ್ಟೇ ಬರೆದರು.

ಅವನು ತೆಗೆದ ಫೋಟೋ ಬಂತು. ಕತ್ತಿನ ಕೆಳಗೆ ಬೂಷ್ಟಿನ ಮಚ್ಚೆ, ಅದರ ಮೇಲೆ ಒಬ್ಬ ಹೆಂಗಸಿನ ಮುಖ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಫೋಟೋದವನು ಏನೋ ತಮಾಷೆ ಮಾಡಿದ್ದಕ್ಕೆ ನಗು ತಡೆದುಕೊಂಡ ಹಾಗಿತ್ತು. ಕೆಳಗೆ "ನಮ್ಮಮ್ಮ" ಅಂತ ಬರೆದಿದ್ದ.

ಆಗ ಅತ್ತಿಗೆ ಅತ್ತರು. ಬೆಳಗಿನಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. "ನಮ್ದು ಹೋಯ್ತಲ್ರೀ. ಇದ್ದಿದ್ದೇ ಒಂದು. ಫೋನಲ್ಲಿ ನೋಡಿದ್ರೆ ನಿಮ್ಮ ಮುಖದ ಜಾಗದಲ್ಲಿ ಬರೀ ಟ್ಯೂಬ್‌ಲೈಟು."

"ಅದನ್ನ ನೀನು ಮದುವೆಯಾದಾಗಿಂದ ಹೇಳ್ತಾನೇ ಇದ್ದೀಯಲ್ಲ" ಅಂದ ಅಣ್ಣ. ಅವಳು ಅಳುತ್ತಲೇ ನಕ್ಕಳು. ಅತ್ತಿಗೆಯನ್ನು ನಾನು ಯಾವತ್ತೂ ಬಹುವಚನದಲ್ಲೇ ಹೇಳುವವನು, ಆ ಗಳಿಗೆ ಮಾತ್ರ ಅವಳು ನನಗೆ ಒಡಹುಟ್ಟಿದವಳ ಹಾಗೆ ಕಂಡಳು. "ಹೋದ್ರೆ ಹೋಗ್ಲಿ ಬಿಡೇ" ಅಂತ ಅಣ್ಣ ಮೆತ್ತಗೆ ಹೇಳಿದ. "ನನ್ನ ಮುಖ ನೋಡ್ಬೇಕು ಅನ್ನಿಸಿದ್ರೆ ನಾನು ಇಲ್ಲೇ ಇದ್ದೀನಲ್ಲ. ಆ ಹುಡುಗ ಎಲ್ಲಿಗೆ ಹೋಗಿ ನೋಡ್ಬೇಕು?"

ಆಮೇಲೆ, ಇದರಲ್ಲಿ ಎಲ್ಲಿ ಬರೆಯೋದು ಅಂತ ಅತ್ತಿಗೆಯನ್ನು ಕೇಳಿ, ಹಿಟ್ಟು ಮೆತ್ತಿದ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. "ನಾನು ಅಕ್ಕನ ಗಂಡ. ನಿಮ್ಮಮ್ಮ ತುಂಬ ಚೆನ್ನಾಗಿದ್ದಾರೆ."