ಅಪ್ಪನ ಅಂಬಾಸಿಡರ್, ನನ್ನ ಪ್ಲಾಸ್ಟಿಕ್ ಇಟ್ಟಿಗೆಗಳು

ಮಗಳು ಇವತ್ತು ಬ್ಲಾಕ್ಸ್ ಡಬ್ಬಿಯನ್ನು ನೆಲಕ್ಕೆ ಸುರಿದಳು. ಆ ಸದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿದೆ.

ಅಪ್ಪ ಅರಸೀಕೆರೆ ಸ್ಟೇಷನ್ನಿನಿಂದ ಬೇಲೂರು, ಹಳೇಬೀಡಿಗೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದರು. ಅವರು ಓಡಿಸುತ್ತಿದ್ದುದು ಸಾಹುಕಾರರೊಬ್ಬರ ಬಿಳಿ ಅಂಬಾಸಿಡರ್ ಕಾರು. ಒಮ್ಮೆ ವಿದೇಶಿ ಕುಟುಂಬವೊಂದು ನನಗೆಂದು ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ಕೊಟ್ಟಿತು. ನಾನು ಅಪ್ಪನ ಕಾರನ್ನೇ ಕಟ್ಟತೊಡಗಿದೆ. ಅಪ್ಪ ಬಾನೆಟ್ಟು, ಬಾಗಿಲುಗಳನ್ನು ಟೇಪು ಹಿಡಿದು ಅಳೆದುಕೊಡುತ್ತಿದ್ದರು. "ಹಿಂದಿನ ಬಾಗ್ಲು ಒಂದು ಇಟ್ಟಿಗೆ ಉದ್ದ ಆಗೈತೆ, ನೋಡವ್ವ" ಎಂದು ತಪ್ಪು ಹುಡುಕುವುದೇ ಅವರಿಗೆ ಖುಷಿ.

ಒಂದು ದಿನ, ಮುಗಿಯುತ್ತ ಬಂದಿದ್ದ ಆ ಪುಟ್ಟ ಕಾರನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಪಕ್ಕ ಕೂತು ಹಳೇಬೀಡಿಗೆ ಹೊರಟಿದ್ದೆ. ಜಾವಗಲ್ ದಾಟಿದ ಮೇಲೆ ಕೊನೆಯ ಇಟ್ಟಿಗೆ ಕೂರಿಸಿ, "ಅಪ್ಪಾ, ಇಲ್ಲಿ ನೋಡು!" ಎಂದು ಕೂಗಿದೆ. ಅಪ್ಪ ತಿರುಗಿ ನೋಡಿದರು. ಮುಂದೆ ಸೈಕಲ್ಲಿನಲ್ಲಿದ್ದ ಮುದುಕರು ಅವರಿಗೆ ಕಾಣಲಿಲ್ಲ.

ಆ ಮುದುಕರನ್ನು, ಗುದ್ದಿದ ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ. ಕೇಳಿದವರಿಗೆಲ್ಲ ಅಪ್ಪ, "ತೂಕಡಿಕೆ ಬಂದಿತ್ತು. ತಪ್ಪು ನಂದೇ" ಎಂದರು. ಕೆಲಸ ಹೋಯಿತು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತರು. ನಾನು ಕೂಗಿದ್ದನ್ನು ಅವರು ಅಮ್ಮನಿಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಇವತ್ತು, ಮೊಮ್ಮಗಳ ಜೊತೆ ಕೂತಿದ್ದ ಅಪ್ಪನಿಗೆ ಕೊನೆಗೂ ಹೇಳಿದೆ: "ಅವತ್ತು ನಾನು ಕರೀಬಾರ್ದಿತ್ತು ಅಪ್ಪಾ."

"ಸ್ಟೇರಿಂಗ್ ಹಿಡ್ದಿದ್ದೋನು ನಾನು ಕಣವ್ವ. ನೀನು ಮಗು" ಎಂದರು.

"ಸೈಕಲ್ಲಲ್ಲಿದ್ದ ಆ ಅಜ್ಜನ ಹೆಸರೇನಪ್ಪಾ?"

"ಸಿದ್ದಪ್ಪ" ಎಂದರು ಅಪ್ಪ, ಒಂದು ಕ್ಷಣವೂ ಯೋಚಿಸದೆ. "ಅವ್ರು ಇರೋಗಂಟ ತಿಂಗ್ಳಿಗೊಂದ್ಸಲ ಹೋಗಿ ನೋಡ್ಕಂಡು ಬತ್ತಿದ್ದೆ."

ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.