ಸೆರಗಿನ ಗಂಟಿನಲ್ಲಿ ಸೀಮೆಸುಣ್ಣ

ನಮ್ಮ ಲೆಕ್ಕದ ಮೇಡಂ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು. ಬೇರೆ ಹೆಂಗಸರು ಅಲ್ಲಿ ಚಿಲ್ಲರೆ ಕಟ್ಟಿಕೊಂಡರೆ ಇವರು ಸೀಮೆಸುಣ್ಣ ಕಟ್ಟಿಕೊಳ್ಳುತ್ತಿದ್ದರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೂ ಆ ಗಂಟು ಬಿಚ್ಚಿರಲಿಲ್ಲ. ಮನೆಯ ಕೆಂಪು ಜಗಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಒಮ್ಮೆ ಗ್ಯಾಸ್ ಸಿಲಿಂಡರಿನ ಮೈಮೇಲೂ ಲೆಕ್ಕ ಬರೆದದ್ದನ್ನು ಕಂಡಿದ್ದೇನೆ.

ಅವರ ಮನೆ ರಾಮನಗರದ ಬಸ್‌ಸ್ಟ್ಯಾಂಡಿಗೆ ಹತ್ತಿರ. ನಮ್ಮೂರು ಕೂಟಗಲ್‌ಗೆ ಹೋಗುವ ಬಸ್ಸು ತಪ್ಪಿದಾಗಲೆಲ್ಲ ನಾನು ಆ ಜಗಲಿಯಲ್ಲೇ ಕೂತಿರುತ್ತಿದ್ದೆ. ಆದರೆ ಲೆಕ್ಕ ಕಲಿಯಲು ಅಲ್ಲ. ಲೆಕ್ಕಕ್ಕೆ ಹೆದರಿಯೇ ಪಿಯುಸಿಯಲ್ಲಿ ಗಣಿತ ಬಿಟ್ಟವಳು ನಾನು. ಬಿಕಾಂ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಓದುವ ಹುಚ್ಚು ಹಿಡಿಯಿತು. ಮೈಸೂರಿನ ಒಂದು ಕಾಲೇಜಿನಲ್ಲಿ ಎಂಸಿಎ ಸೀಟು ಸಿಗುತ್ತಿತ್ತು. ಆದರೆ ಗಣಿತ ಓದದವರು ಆ ಕೊರತೆ ತುಂಬುವ ಬ್ರಿಡ್ಜ್ ಕೋರ್ಸ್ ಪಾಸಾಗದಿದ್ದರೆ ಸೀಟು ಹೋದಂತೆಯೇ. ಬೆಂಗಳೂರಿನ ಎಂಕಾಂಗೆ ಆ ಕಾಟವಿರಲಿಲ್ಲ. "ಬೆಂಗಳೂರೇ ವಾಸಿ, ಚಿಕ್ಕಮ್ಮನ ಮನೆ ಐತೆ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೇಡಂಗೂ ಹೇಳಿದೆ.

"ಊರು ಆರಿಸ್ತಿದೀಯೋ, ಲೆಕ್ಕ ತಪ್ಪಿಸ್ಕೊಂಡು ಓಡ್ತಿದೀಯೋ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅವರು ತಣ್ಣಗೆ ಗಂಟು ಬಿಚ್ಚಿ, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಎಂದು ಜಗಲಿಯ ಮೇಲೆ ಬರೆದರು. ನಾನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದರಲ್ಲಿ ಎರಡು ಎಂದು ಬರೆದೆ. ಬಿಕಾಂ ಓದಿದವಳು!

ಅವರು ನಗಲಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುವುದು ಅವರಿಗೆ ಗೊತ್ತಿತ್ತು. "ಅರ್ಧ ಚಂದ್ರಂಕಿಗೆ ಗೂಡು ಕಟ್ಟೋಕೆ ಹಣ್ಣಾದ ಹುಳ ಬುಟ್ಟೆ. ಆಮೇಲೆ ಅದೇ ಚಂದ್ರಂಕಿಯ ಇನ್ನೂ ಮೂರ್ನೇ ಒಂದು ಭಾಗಕ್ಕೆ ಬುಟ್ಟೆ. ಈಗ ತುಂಬಿರೋದು ಅರ್ಧಕ್ಕಿಂತ ಕಮ್ಮಿ ಆಯ್ತದಾ?"

ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ ಆ ಚಂದ್ರಂಕಿ; ಅದನ್ನು ಹುಟ್ಟಿದಾಗಿನಿಂದ ಕಂಡವಳು ನಾನು. ತಪ್ಪು ಕಣ್ಣಿಗೇ ಹೊಡೆಯಿತು. "ಇಲ್ಲ ಮೇಡಂ, ಒಸಿ ಜಾಗ ಉಳೀತದೆ ಅಷ್ಟೆ."

"ಎಷ್ಟು?"

"ಆರರಲ್ಲಿ ಒಂದು ಪಾಲು."

"ಮತ್ತೆ, ಲೆಕ್ಕ ಬರಲ್ಲ ಅಂದೋರ್ಯಾರೇ?"

ಅಂದಿನಿಂದ ಎರಡು ತಿಂಗಳು ಜಗಲಿಯ ಮೇಲೆ ಪಾಠ. ನಡುವೆ ಒಂದು ದಿನ ಮೈಸೂರಿಗೂ ಕರೆದುಕೊಂಡು ಹೋದರು. "ಭಾನುವಾರ ಎಲ್ಲಾ ಊರೂ ಚೆಂದಾಗೇ ಕಾಣ್ತವೆ, ಮಂಗಳವಾರ ನೋಡ್ಬೇಕು" ಎಂಬುದು ಅವರ ಮಾತು. ಸ್ಟೇಷನ್ನಿನಿಂದ ಕಾಲೇಜಿಗೆ ಬಿಸಿಲಲ್ಲಿ ನಡೆಸಿದರು, ಹುಡುಗಿಯರ ಮೆಸ್ಸಿನಲ್ಲಿ ಊಟ ಮಾಡಿಸಿದರು. ವಾಪಸು ಬರುವಾಗ ರೈಲು ಚನ್ನಪಟ್ಟಣ ದಾಟುತ್ತಿತ್ತು. ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ನಂಗೂ ಮೈಸೂರಲ್ಲಿ ಎಂಎಸ್ಸಿ ಸೀಟು ಸಿಕ್ಕಿತ್ತು ಕಣೇ. ಮೈಸೂರು ನೀರು ಒಗ್ಗಲ್ಲ ಅಂತ ಮನೇಲಿ ಸುಳ್ಳು ಹೇಳಿ ಸೀಟು ಬುಟ್ಬುಟ್ಟೆ. ಲೆಕ್ಕ ಕಷ್ಟ ಆಯ್ತದೆ ಅಂತ ಭಯ."

ನಾನು ಮೈಸೂರಿಗೆ ಸೇರಿದೆ. ಬ್ರಿಡ್ಜ್ ಕೋರ್ಸ್ ಹೇಗೋ ಪಾಸಾಯಿತು. ಮೇಡಂಗೆ ಫೋನ್ ಮಾಡಿದರೆ, "ಒಂದು ಪಾಲು ಇನ್ನೂ ಉಳಿದೈತೆ, ಅದ್ನೂ ತುಂಬು" ಎಂದರು.

ಈಗ ಅದೇ ಊರಿನಲ್ಲಿ ನನ್ನ ಕೆಲಸ, ನನ್ನ ಮನೆ. ಎಷ್ಟು ಕರೆದರೂ ಮೇಡಂ ಬರಲಿಲ್ಲ. "ಬತ್ತೀನಿ, ಒಂದು ಮಂಗಳವಾರ" ಎನ್ನುತ್ತಲೇ ಹೋದ ವರ್ಷ ತೀರಿಕೊಂಡರು. ತಿಥಿಯ ದಿನ ಜಗಲಿಯಲ್ಲಿ ಕೂತೆ. ಯಾರೋ ತೊಳೆದಿದ್ದರು, ಒಂದು ಅಂಕಿಯೂ ಉಳಿದಿರಲಿಲ್ಲ. ಇಷ್ಟು ವರ್ಷ ಅವರಿಗೆ ಹೇಳಬೇಕಾಗಿದ್ದ ಒಂದು ಮಾತು ಉಳಿದುಹೋಗಿತ್ತು. ಅಲ್ಲೇ, ಜನರ ಎದುರಿಗೇ ಹೇಳಿದೆ:

"ಮೈಸೂರು ನೀರು ಒಗ್ಗಿತು ಮೇಡಂ."