ಮತದಾರರಿಲ್ಲದ ಊರಿನ ಮೇಯರ್

ನಮ್ಮ ಕಂಪನಿಗೆ ಸಲಹೆಗಾರರಾಗಿ ಬಂದವರು ಕೆನಡಾದ ಒಂದು ನಗರದ ಮಾಜಿ ಮೇಯರ್. ಎರಡು ಸಾವಿರದ ದಶಕದ ನಡುವಿನ ದೋಹಾದಲ್ಲಿ ಎಲ್ಲಿ ನೋಡಿದರೂ ಕ್ರೇನುಗಳು, ಸಲಹೆಗಾರರು. ಕ್ರೇನುಗಳಿಗೆ ಕೆಲಸವಿತ್ತು. ನಮ್ಮ ಈ ಸಾಹೇಬರಿಗೆ ಕಂಪನಿ ಒಂದು ಕೋಣೆ, ಒಂದು ಕಾರು, ಕಾರ್ಯದರ್ಶಿಯಾಗಿ ಮೈಸೂರಿನ ನನ್ನನ್ನು ಕೊಟ್ಟಿತ್ತು. ಸಲಹೆಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೊದಲ ದಿನವೇ ಅವರು ಪ್ರತಿ ಮೇಜಿಗೂ ಹೋಗಿ ಕೈ ಕುಲುಕಿದರು. ಚಹಾ ಮಾಡುವ ನೇಪಾಳಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ನಿಮ್ಮ ತೊಂದರೆಗಳೇನು ಎಂದು ವಿಚಾರಿಸಿದರು. ಇದು ಕೆಲಸ ಹೋಗುವ ಮುನ್ಸೂಚನೆ ಎಂದುಕೊಂಡ ಆತ ಎರಡು ದಿನ ಎಲ್ಲರ ಚಹಾಕ್ಕೂ ಸಕ್ಕರೆ ಜಾಸ್ತಿ ಹಾಕಿದ.

ಅಲ್ ಅಜೀಜಿಯಾ ಬಡಾವಣೆಯ ನಮ್ಮ ಮನೆಗೆ ಒಂದು ಶುಕ್ರವಾರ ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತು ತಿನ್ನುತ್ತಲೇ ನನ್ನ ಹೆಂಡತಿಯನ್ನು ಬೀದಿದೀಪ, ಕಸದ ಗಾಡಿ, ಚರಂಡಿಗಳ ಬಗ್ಗೆ ಕೇಳಿದರು. ಎಲ್ಲವೂ ಸರಿಯಾಗಿದೆ ಎಂದು ಅವಳು ಹೇಳಿದಾಗ ಅವರ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ಅವಳು, "ಪಾಪ ಕಣ್ರೀ, ಆ ಮನುಷ್ಯನಿಗೆ ಯಾರಾದ್ರೂ ಒಂದು ಕೆಲಸ ಕೊಡಬಾರ್ದಾ" ಎಂದಳು.

ಕೆಲಸವಿಲ್ಲದ ಬೆಳಗುಗಳಲ್ಲಿ ಅವರು ತಮ್ಮ ಚರಿತ್ರೆಯನ್ನು ನನಗೆ ಹೇಳುತ್ತಿದ್ದರು. ಅವರದು ಶೂ ಅಂಗಡಿ. ಅಂಗಡಿಯ ಮುಂದೆ ರಸ್ತೆಯಲ್ಲಿ ಒಂದು ಗುಂಡಿ. ಅದನ್ನು ಮುಚ್ಚಿಸಲು ಓಡಾಡಿ ಓಡಾಡಿ ನಗರಸಭೆಯ ಸದಸ್ಯರಾದರು. ಆಮೇಲೆ ಮೂರು ಸಲ ಮೇಯರ್. ಐಸ್ ಹಾಕಿಯ ಕ್ರೀಡಾಂಗಣ ಕಟ್ಟಿಸಿದರು, ಸೇತುವೆಗಳ ರಿಬ್ಬನ್ ಕತ್ತರಿಸಿದರು. ನಾಲ್ಕನೆಯ ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಊರೆಲ್ಲ ಹಿಮದಲ್ಲಿ ಹೂತುಹೋಗಿದ್ದಾಗ ಇವರು ಅಧ್ಯಯನ ಪ್ರವಾಸದ ಮೇಲೆ ಯಾವುದೋ ಬೆಚ್ಚಗಿನ ದೇಶದಲ್ಲಿದ್ದರು. ಚಡ್ಡಿ ತೊಟ್ಟು ಎಳನೀರು ಕುಡಿಯುತ್ತಿದ್ದ ಅವರ ಫೋಟೋ ಊರಿನ ಪತ್ರಿಕೆಯಲ್ಲಿ ಬಂತು. ಅಲ್ಲಿಗೆ ಮುಗಿಯಿತು. ಜನರಿಗೆ ಕೃತಜ್ಞತೆಯಿಲ್ಲ ಎಂದು ಅವರು ಎಂದೂ ಅನ್ನಲಿಲ್ಲ. ಫೋಟೋ ತೆಗೆದವನಿಗೆ ಇಲ್ಲ ಎನ್ನುತ್ತಿದ್ದರು.

ಜೂನ್ ತಿಂಗಳಲ್ಲಿ ಅವರಿಗೆ ನಮ್ಮ ಕಾರ್ಮಿಕರ ಕ್ಯಾಂಪ್ ನೋಡುವ ಆಸೆಯಾಯಿತು. ಇಂಡಸ್ಟ್ರಿಯಲ್ ಏರಿಯಾದ ಆ ಕ್ಯಾಂಪನ್ನು ನೋಡಿಕೊಳ್ಳುತ್ತಿದ್ದವರು ಪುತ್ತೂರಿನ ಕಡೆಯವರು. ಸಾಹೇಬರು ಕೋಣೆಯಿಂದ ಕೋಣೆಗೆ ಹೋಗಿ ಕೈ ಕುಲುಕುವುದನ್ನು ಅವರು ಸ್ವಲ್ಪ ಹೊತ್ತು ನೋಡಿ, ನನ್ನ ಕಿವಿಯ ಬಳಿ ಕೇಳಿದರು:

"ಎಂತ ಮಾರಾಯ್ರೆ, ಓಟು ಕೇಳ್ಲಿಕ್ಕೆ ಬಂದದ್ದಾ ಇವರು? ಇಲ್ಲಿ ಓಟು ಯಾರಿಗುಂಟು?"

ಕಾರ್ಮಿಕರು ಒಂದೇ ಒಂದು ದೂರು ಹೇಳಿದರು. ಅಂಗಳದ ನೀರಿನ ಕೂಲರ್ ಕೆಟ್ಟು ತಿಂಗಳಾಗಿದೆ, ಬಿಸಿನೀರು ಕುಡಿಯುತ್ತಿದ್ದೇವೆ. ನಾನು ಹಿಂದಿಯಿಂದ ಇಂಗ್ಲಿಷಿಗೆ ಹೇಳಿದೆ. ಸಾಹೇಬರು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಮಾತು ಕೊಟ್ಟರು. ಕೆಲವರು ಚಪ್ಪಾಳೆ ತಟ್ಟಿದರು. ಇಷ್ಟು ದಿನ ಬಾಡಿದಂತಿದ್ದ ಅವರು ವಾಪಸ್ ಬರುವಾಗ ಕಾರಿನಲ್ಲಿ ಶಿಳ್ಳೆ ಹಾಕುತ್ತಿದ್ದರು.

ಮರುದಿನ ಮೂರು ಪುಟದ ಟಿಪ್ಪಣಿ ಟೈಪ್ ಮಾಡಿಸಿದರು. ಅದು ಆಡಳಿತ ವಿಭಾಗಕ್ಕೆ ಹೋಯಿತು, ಅಲ್ಲಿಂದ ಖರೀದಿ ವಿಭಾಗಕ್ಕೆ, ಅಲ್ಲಿಂದ ನಿರ್ವಹಣೆಯವರಿಗೆ. ನಾಲ್ಕನೆಯ ವಾರ, ಅಷ್ಟೂ ಮೊಹರುಗಳನ್ನು ಹೊತ್ತು, "ಸಲಹೆಗಾರರ ಅಭಿಪ್ರಾಯಕ್ಕಾಗಿ" ಎಂಬ ಷರಾದೊಂದಿಗೆ ನಮ್ಮ ಮೇಜಿಗೇ ವಾಪಸ್ ಬಂತು. ಸಾಹೇಬರು ಶ್ರದ್ಧೆಯಿಂದ ಅಭಿಪ್ರಾಯ ಬರೆಯಲು ಕುಳಿತರು.

ಹೊರಗೆ ಜುಲೈ ತಿಂಗಳ ಬಿಸಿಲು. ಟೈಪ್ ಮಾಡುತ್ತಿದ್ದ ನನಗೆ ನಾಚಿಕೆಯಾಯಿತು. ನಾನು ವರಾಂಡಕ್ಕೆ ಹೋಗಿ ಪುತ್ತೂರಿನವರಿಗೆ ಫೋನ್ ಮಾಡಿದೆ. ನಾಳೆ ಸಾಹೇಬರು ಮತ್ತೆ ಬರುತ್ತಾರೆ, ಜೊತೆಯಲ್ಲಿ ಕಂಪನಿಯ ಮಾಲೀಕರೂ ಇರಬಹುದು ಎಂದು ಹೇಳಿದೆ. ಎರಡೂ ಸುಳ್ಳು.

"ಮೊದಲೇ ಹೇಳ್ಬಾರ್ದಾ ಮಾರಾಯ್ರೆ," ಎಂದರು ಅವರು. "ಖಲಾಸ್, ಆಯ್ತು ಅಂತ ಲೆಕ್ಕ, ಸಂಜೆಯೊಳಗೆ ಹೊಸತು ಕೂರಿಸ್ತೇನೆ."

ಕೂರಿಸಿದರು. ತಣ್ಣೀರು ಬಂತೆಂದು ತಿಳಿದಾಗ ಸಾಹೇಬರ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ವ್ಯವಸ್ಥೆ ನಿಧಾನ, ಆದರೆ ಬರೆಯುತ್ತಲೇ ಇದ್ದರೆ ಕೇಳುತ್ತದೆ ಎಂದರು. ನಾನು ತಲೆಯಾಡಿಸಿದೆ. ಅದೇ ವಾರ ಅವರು ಊರಿಗೆ ಮರಳಿ ಮತ್ತೆ ಚುನಾವಣೆಗೆ ನಿಲ್ಲುವುದೆಂದು ನಿರ್ಧರಿಸಿದರು. ಕರಪತ್ರವನ್ನು ಟೈಪ್ ಮಾಡಿದವನು ನಾನೇ. ಅದರ ಐದನೆಯ ಸಾಲು: "ಮರುಭೂಮಿಯ ಕಾರ್ಮಿಕರಿಗೆ ತಣ್ಣೀರು ತಂದುಕೊಟ್ಟವರು."

ಕಾನ್ಫರೆನ್ಸ್ ಕೋಣೆಯಲ್ಲಿ ಬೀಳ್ಕೊಡುಗೆಯ ಕೇಕ್ ಕತ್ತರಿಸಿದ ಮೇಲೆ, ಅವರ ಪೆಟ್ಟಿಗೆಗಳನ್ನು ಕಟ್ಟುತ್ತಾ ನಾನು ಕೂಲರಿನ ನಿಜ ಹೇಳಿಬಿಟ್ಟೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ.

"ಗೊತ್ತಿತ್ತು," ಎಂದರು. "ನಾಲ್ಕು ವಾರ ಅಲುಗಾಡದ ಕಾಗದ ಒಂದು ಮಧ್ಯಾಹ್ನದಲ್ಲಿ ಓಡುವುದಿಲ್ಲ. ನನ್ನ ಊರಿನಲ್ಲೂ ನಿನ್ನಂಥವನೊಬ್ಬನಿದ್ದ. ನಿವೃತ್ತಿಯಾದ. ಅವನು ಹೋದ ಚಳಿಗಾಲದಲ್ಲೇ ಊರು ಹಿಮದಲ್ಲಿ ಹೂತದ್ದು, ಆಮೇಲೆ ನಾನು ಸೋತದ್ದು."

ಹಾಗಾದರೆ ಐದನೆಯ ಸಾಲು ತೆಗೆದುಬಿಡಲೇ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಕರಪತ್ರವನ್ನು ಪೂರ್ತಿ ಓದಿದರು. ಬೇಡ, ಇದೊಂದು ಸಾಲು ಚೆನ್ನಾಗಿದೆ ಎಂದರು. ನನಗೂ ಹಾಗೇ ಅನಿಸಿತ್ತು.

ಆ ಚಳಿಗಾಲದಲ್ಲಿ ಅವರಿಂದ ಒಂದು ದೀರ್ಘವಾದ ಇಮೇಲ್ ಬಂತು. ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ, ಹೊಸದಾಗಿ ಸಾಕಿದ ನಾಯಿ, ಅಂಗಡಿಯನ್ನು ಮಗಳು ನೋಡಿಕೊಳ್ಳುತ್ತಿರುವುದು, ಎಲ್ಲ ಇತ್ತು. ಚುನಾವಣೆಯ ಸುದ್ದಿ ಇರಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಅವರ ನಗರಸಭೆಯ ವೆಬ್‌ಸೈಟ್ ಹುಡುಕಿ ತೆಗೆದೆ. ಅವರು ಮೂರನೆಯವರಾಗಿ ಬಂದಿದ್ದರು. ಎರಡನೆಯ ಸ್ಥಾನದಲ್ಲಿದ್ದದ್ದು ಒಬ್ಬ ಕಾಲೇಜು ವಿದ್ಯಾರ್ಥಿ.

ಮೊಣಕಾಲು ಈಗ ಹೇಗಿದೆ ಎಂದು ಕೇಳಿ ಉತ್ತರ ಬರೆದೆ.